ಆನೆಯೂ ಚಾರ್ಜ್, ಮೊಬೈಲೂ ಚಾರ್ಜ್: ಒಂದೇ ಪದ ಹೇಗೆ?

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ ಚಾರ್ಜ್ ಎಷ್ಟು ಎಂದು ಕೇಳುತ್ತೇವೆ. ಇಂಗ್ಲಿಷ್‌ನಲ್ಲಿ ಅದು ‘ಫೇರ್’. ಮೊಬೈಲ್ ಚಾರ್ಜ್ ಆಗುತ್ತದೆ. ಕಚೇರಿಯಲ್ಲಿ ‘ಇನ್‌ಚಾರ್ಜ್’ ಇರುತ್ತಾರೆ. ಬಂಡೀಪುರದಲ್ಲಿ ಆನೆ ಚಾರ್ಜ್ ಮಾಡುತ್ತದೆ.

ಇದರ ಮೂಲ, ಗಾಡಿಗೆ ಹೊರೆ ಹೇರು ಎಂಬ ಅರ್ಥದ ಲ್ಯಾಟಿನ್ ಪದ. ಆ ಹೊರೆಯೇ ಮುಂದೆ ಹಣದ ಭಾರ, ಹೊಣೆ, ಆರೋಪ ಎಲ್ಲವೂ ಆಯಿತು.

ಇಂಗ್ಲಿಷ್‌ನಲ್ಲಿ ಇದು ರೂಪ ಬದಲಿಸದೆ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕನ್ನಡದಲ್ಲಿ ಕ್ರಿಯೆಯಾಗಲು ‘ಮಾಡು’, ‘ಆಗು’ ಸೇರಲೇಬೇಕು.

‘ಮಾಕ್ ಚಾರ್ಜ್’ ಎಂದರೆ ಆನೆ ಹೆದರಿಸಲು ನುಗ್ಗಿ, ನಡುವೆ ನಿಂತುಬಿಡುವುದು. ಹಾಗೆಂದು ಬಂಡೀಪುರದ ರಸ್ತೆಯಲ್ಲಿ ಗಾಡಿ ಇಳಿದು ಫೋಟೊ ತೆಗೆಯಬೇಡಿ. ಅದು ಹುಸಿಯೋ ನಿಜವೋ ಎಂಬುದು ಆನೆ ನಿಂತ ಮೇಲಷ್ಟೇ ಖಚಿತ.