ಮೂರು ಕಾಲಿನ ಕಾಳಿ

ಡೊಂಬಿವಲಿಯ ನಮ್ಮ ಮನೆಗೆ ಬಂದವರೆಲ್ಲ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ನಾಯಿಗೆ ಕಾಳಿ ಎಂದೇಕೆ ಹೆಸರಿಟ್ಟಿರಿ?" ಮೈ ಕಪ್ಪಾಗಿದೆ, ಅದಕ್ಕೇ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪರಸ್ಥಳದಲ್ಲಿರುವ ಕನ್ನಡಿಗರು ಇಂಥ ಸಂದರ್ಭವನ್ನು ಬಿಟ್ಟಾರೆಯೇ? ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆಯನ್ನು ಹೇಳಿಯೇ ತೀರುತ್ತಿದ್ದೆವು. ಕ್ರಿ.ಶ. ೯೪೯–೫೦ರ ಆ ಶಾಸನ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಇಮ್ಮಡಿ ಬೂತುಗನಿಂದ ಮಣಲೇರನೆಂಬ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ಒಡೆಯನು ಕಲ್ಲು ನಿಲ್ಲಿಸಿದನು. ಅಂಥ ಹೆಸರನ್ನು ಹೊತ್ತ ನಮ್ಮ ಕಾಳಿಯಾದರೋ, ಗೋಡೆಯ ಮೇಲೆ ಹಲ್ಲಿ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದಳು!

೨೦೧೨ರಲ್ಲಿ ಅಂಗೈಯಗಲದ ಮರಿಯಾಗಿ ಬಂದವಳು. ತಾಯಿ ಲ್ಯಾಬ್ರಡಾರ್, ತಂದೆ ಯಾರೋ ಬೀದಿಯ ಮಹಾಶಯ. ಮಕ್ಕಳೊಡನೆ ಬೆಳೆದು, ಮಕ್ಕಳಿಗಿಂತ ಬೇಗ ಮುದುಕಿಯಾಗಿ, ಮೂವತ್ತನಾಲ್ಕು ಕಿಲೋ ತೂಗುತ್ತ ಹೊಸ್ತಿಲಿಗೆ ಅಡ್ಡವಾಗಿ ಮಲಗುವುದೇ ಅವಳ ಉದ್ಯೋಗವಾಗಿತ್ತು. ಅಂಥವಳ ಒಂದು ಕಾಲನ್ನು ನಾವೇ ಸಹಿ ಮಾಡಿ ತೆಗೆಯಿಸಬೇಕಾಗಿ ಬಂದಿತು. ಹಾಗೆ ಮಾಡಿದ್ದು ಸರಿಯೇ, ತಪ್ಪೇ ಎಂದು ಸಂಘದ ಅನೇಕ ಬಂಧುಗಳು ನಮ್ಮನ್ನು ಕೇಳಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇವೆ.

ಎಳ್ಳೆಣ್ಣೆಯ ತಪ್ಪು

೨೦೨೨ರ ನವೆಂಬರಿನಲ್ಲಿ ಕಾಳಿ ಎಡ ಮುಂಗಾಲನ್ನು ಕುಂಟತೊಡಗಿದಳು. ನಮ್ಮದು ಮೂರನೆಯ ಮಾಳಿಗೆ, ಲಿಫ್ಟು ಇಲ್ಲ, ಮೆಟ್ಟಿಲು ಐವತ್ತನಾಲ್ಕು. ಇಳಿಯುವಾಗ ಉಳುಕಿರಬೇಕು ಎಂದುಕೊಂಡೆವು. ಹತ್ತಿರದ ವೈದ್ಯರೊಬ್ಬರು ಕೂಡ ಹಾಗೆಯೇ ಹೇಳಿ ಹತ್ತು ದಿನದ ಮಾತ್ರೆ ಬರೆದುಕೊಟ್ಟರು. ಮಾತ್ರೆ ಇರುವಷ್ಟು ದಿನ ಕುಂಟು ಕಡಿಮೆಯಾಯಿತು, ತೀರಿದೊಡನೆ ಮರಳಿತು. ನಾವು ರಾತ್ರಿ ಎಳ್ಳೆಣ್ಣೆ ಬಿಸಿ ಮಾಡಿ ಆ ಕಾಲನ್ನು ತಿಕ್ಕುತ್ತಿದ್ದೆವು. ಅವಳು ಕಾಲನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡು ನಮ್ಮ ಕೈಯನ್ನು ನೆಕ್ಕುತ್ತಿದ್ದಳು. ಹಿತವಾಗುತ್ತಿದೆ ಎಂದೇ ನಾವು ತಿಳಿದೆವು. ಅದು "ಸಾಕು, ಬಿಡಿರಿ" ಎಂಬ ಬೇಡಿಕೆಯೆಂದು ಆಗ ನಮಗೆ ತಿಳಿಯಲಿಲ್ಲ.

ಮಣಿಕಟ್ಟಿನ ಮೇಲೆ ನಿಂಬೆಹಣ್ಣಿನ ಗಾತ್ರದ ಗಟ್ಟಿ ಬಾವು ಕಾಣಿಸಿಕೊಂಡ ಮೇಲೆ ಬೇರೆ ವೈದ್ಯರ ಕಡೆಗೆ ಓಡಿದೆವು. ಅವರು ಎಕ್ಸ್‌ರೇ ತೆಗೆಸಿ, ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂಳೆಯ ತುದಿ ಗೆದ್ದಲು ತಿಂದ ಚೌಕಟ್ಟಿನಂತಿತ್ತು. ರೋಗದ ಹೆಸರು ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯ ಕ್ಯಾನ್ಸರು. ದೊಡ್ಡ ಮೈಕಟ್ಟಿನ, ವಯಸ್ಸಾದ ನಾಯಿಗಳಿಗೆ ಇದು ಹೆಚ್ಚಾಗಿ ಬರುತ್ತದೆ. ಮುಂಗಾಲಿನಲ್ಲಿ ಮಣಿಕಟ್ಟಿನ ಮೇಲ್ಗಡೆ ಅಥವಾ ಹೆಗಲಿನ ಬಳಿ ನೆಲೆಸುವುದು ಅದರ ರೂಢಿ. ಮೂಳೆಯನ್ನು ಒಳಗಿನಿಂದ ತಿನ್ನುತ್ತ ಹೋಗುವುದರಿಂದ ನೋವು ಬಹಳ. ಒಂದು ಮೆಟ್ಟಿಲು ತಪ್ಪಿದರೂ ಮೂಳೆ ಮುರಿಯಬಹುದು. ಹಾಗೆ ಮುರಿದದ್ದು ಕೂಡುವುದಿಲ್ಲ.

ಮೂರು ರಾತ್ರಿ

ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ಎದೆಯ ಎಕ್ಸ್‌ರೇ ಶುಭ್ರವಾಗಿತ್ತು. ಆದರೂ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಕಣ್ಣಿಗೆ ಕಾಣದ ಬೀಜಗಳು ಅಷ್ಟರಲ್ಲಿ ಬೇರೆಡೆಗೆ ಹೋಗಿರುತ್ತವೆ ಎಂದರು. ಕಾಲನ್ನು ಮಾತ್ರ ತೆಗೆದರೆ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳು ದಾಟುವುದಿಲ್ಲ. ಕೀಮೋಥೆರಪಿಯೂ ಸೇರಿದರೆ ಆ ಗಡಿ ಹತ್ತು–ಹನ್ನೆರಡು ತಿಂಗಳಿಗೆ ಹೋಗುತ್ತದೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರು ಬಲವಾದ ನೋವಿನ ಔಷಧಿ ಕೊಡುತ್ತ, ಮೂಳೆ ಮುರಿಯುವ ಮೊದಲೇ ಶಾಂತವಾಗಿ ಕಳಿಸಿಕೊಡಬಹುದು. ಅದೂ ದಯೆಯೇ ಎಂದು ಹೇಳಿದರು.

ಮನೆಯಲ್ಲಿ ಮೂರು ರಾತ್ರಿ ಯಾರಿಗೂ ನಿದ್ರೆಯಿಲ್ಲ. ಧಾರವಾಡದ ಕಡೆಯಿಂದ ನಮ್ಮೊಡನೆ ಇಲ್ಲಿಗೆ ಬಂದು ನೆಲೆಸಿದ ಅಜ್ಜಿ ಸ್ಪಷ್ಟವಾಗಿ ಕೇಳಿದರು: "ಹತ್ತು ವರ್ಷದ ಮುದಿ ಜೀವಾ ತಮ್ಮಾ. ಕಾಲು ಕಡಿಸಿ ಇನ್ನೆಷ್ಟು ದಿನಾ ಇಟ್ಕೋತೀರಿ? ನಿಮ್ಮ ಆಸೆಗೆ ಅದನ್ನ ಯಾಕ ಗೋಳಾಡಸ್ತೀರಿ?"

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದನ್ನೇ ವೈದ್ಯರ ಮುಂದಿಟ್ಟೆವು. ಅವರು ಕಾಳಿಯನ್ನು ಅಂಗಳದಲ್ಲಿ ನಡೆಯಿಸಿ ತೋರಿಸಿದರು. "ನೋಡಿ, ಆ ಕಾಲನ್ನು ಇವಳು ನೆಲಕ್ಕೆ ಊರುತ್ತಲೇ ಇಲ್ಲ. ಈಗಾಗಲೇ ಮೂರು ಕಾಲಿನ ನಾಯಿಯೇ. ನಾಲ್ಕನೆಯದು ಇವಳು ಹೊತ್ತು ತಿರುಗುತ್ತಿರುವ ನೋವು," ಎಂದರು. ಸೊಂಟ, ಹಿಂಗಾಲುಗಳ ಕೀಲು, ಹೃದಯ ಎಲ್ಲವನ್ನೂ ಪರೀಕ್ಷಿಸಿ, ಉಳಿದ ಮೂರು ಕಾಲು ಗಟ್ಟಿಯಾಗಿದ್ದರೆ ವಯಸ್ಸೊಂದೇ ಅಡ್ಡಿಯಲ್ಲ ಎಂದರು. ಎಷ್ಟು ದಿನ ಬದುಕುತ್ತಾಳೆ ಎಂಬ ಲೆಕ್ಕವನ್ನು ನಾವು ಅಂದು ಬದಿಗಿಟ್ಟೆವು. ನೋವು ಹೋಗುತ್ತದೆಯೇ ಎಂಬುದನ್ನಷ್ಟೇ ಕೇಳಿ, ಹೌದೆಂಬ ಉತ್ತರ ಬಂದ ಮೇಲೆ ಒಪ್ಪಿದೆವು. ಖರ್ಚು ಒಂದು ತಿಂಗಳ ಸಂಬಳವನ್ನು ಮೀರಿತು. ಆ ಬೇಸಿಗೆಯ ಊರಿನ ಪ್ರವಾಸ ನಿಂತಿತು.

ಆದರೆ ರಕ್ತಪರೀಕ್ಷೆಯಲ್ಲಿ ಇನ್ನೊಂದು ವಿಘ್ನ ಕಂಡಿತು. ಉಣ್ಣೆಯಿಂದ ಬರುವ ಜ್ವರದ ಸೋಂಕು ಒಳಗೇ ಇದ್ದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬಹಳ ಕಡಿಮೆಯಾಗಿದ್ದವು. ನಮ್ಮ ದೇಶದ ನಾಯಿಗಳಲ್ಲಿ ಇದು ಸಾಮಾನ್ಯ. ಮೊದಲು ಅದಕ್ಕೆ ಔಷಧಿಯಾಗಬೇಕಿತ್ತು. ಆ ಹದಿನೈದು ದಿನ ಮೂಳೆ ಮುರಿಯದಂತೆ ಕಾಯುವುದೇ ನಮ್ಮ ಕೆಲಸವಾಯಿತು. ಹಳೆಯ ದಪ್ಪ ಜಮಖಾನೆಯನ್ನು ಜೋಲಿಯಂತೆ ಹಿಡಿದು, ದಿನಕ್ಕೆ ಮೂರು ಸಲ ಐವತ್ತನಾಲ್ಕು ಮೆಟ್ಟಿಲು ಇಳಿಸಿ ಹತ್ತಿಸಿದೆವು. ಜಮಖಾನೆಯ ಒಂದು ತುದಿ ನಮ್ಮದು. ಇನ್ನೊಂದು ತುದಿಗೆ ಒಮ್ಮೆ ಎದುರು ಮನೆಯ ಮಲೆಯಾಳಿ ಗೃಹಸ್ಥರು, ಒಮ್ಮೆ ಕೆಳಮನೆಯ ಮರಾಠಿ ತರುಣರು. ಅದುವರೆಗೆ ಮೆಟ್ಟಿಲಿನಲ್ಲಿ ಎದುರಾದಾಗ ತಲೆಯಾಡಿಸುವಷ್ಟೇ ಪರಿಚಯ ನಮಗಿದ್ದಿತು.

ಮನೆಗೆ ಬಂದಳು

೨೦೨೩ರ ಜನವರಿಯಲ್ಲಿ, ಸಂಕ್ರಾಂತಿಗೆ ಮೂರು ದಿನ ಮುಂಚೆ ಶಸ್ತ್ರಚಿಕಿತ್ಸೆಯಾಯಿತು. ಕಾಲನ್ನು ಹೆಗಲಿನ ಹಲಗೆಮೂಳೆಯ ಸಮೇತ ಪೂರ್ತಿಯಾಗಿ ತೆಗೆದರು. ಮೋಟುಕಾಲು ಉಳಿಸಿದರೆ ಅದು ನೆಲಕ್ಕೆ ತಾಗಿ ಹುಣ್ಣಾಗುತ್ತದೆ. ರೋಗದ ಅಂಶವೂ ಉಳಿದೀತು. ಎರಡನೆಯ ದಿನ ಸಂಜೆ ಕರೆತರಲು ಹೋದಾಗ, ಅರ್ಧ ಮೈಯ ಕೂದಲು ಬೋಳಿಸಿ, ಹೆಗಲಿನಿಂದ ಎದೆಯವರೆಗೆ ಉದ್ದನೆಯ ಹೊಲಿಗೆ ಹಾಕಿದ ಪ್ರಾಣಿಯೊಂದು ಎದುರಿಗೆ ನಿಂತಿತು. ನಮ್ಮ ಮಗಳು ಗೋಡೆಯ ಕಡೆಗೆ ತಿರುಗಿಬಿಟ್ಟಳು. ಕಾಳಿ ಬಾಲ ಅಲ್ಲಾಡಿಸಿದಳು. ಕುಪ್ಪಳಿಸುತ್ತ ನಾಲ್ಕು ಹೆಜ್ಜೆ ಬಂದು, ನಮ್ಮ ಚೀಲದಲ್ಲಿ ತಿನ್ನಲೇನಾದರೂ ಇದೆಯೇ ಎಂದು ಮೂಸಿದಳು. ಕಾಲು ಹೋಯಿತೆಂದು ಅತ್ತವರು ನಾವು ಮಾತ್ರ.

ಹಾಗೆಂದು ಮುಂದಿನ ದಿನಗಳು ಸುಲಭವಾಗಿದ್ದವೆಂದಲ್ಲ. ಮೊದಲೆರಡು ರಾತ್ರಿ ಅವಳು ಎಡೆಬಿಡದೆ ಕುಂಯ್‌ಗುಟ್ಟಿದಳು. ಫೋನು ಮಾಡಿದಾಗ, ನೋವು ಮರೆಯಿಸುವ ಬಲವಾದ ಔಷಧಿಯ ಮಂಪರಿನಲ್ಲಿಯೂ ನಾಯಿಗಳು ಹೀಗೆ ಅಳುವುದುಂಟು ಎಂದು ಧೈರ್ಯ ಹೇಳಿದರು. ಮೂರನೆಯ ದಿನ ಹಾಸುಕಲ್ಲಿನ ಮೇಲೆ ಜಾರಿ ಮುಖ ಮೊದಲಾಗಿ ಬಿದ್ದಳು. ನಾಲ್ಕನೆಯ ದಿನದವರೆಗೆ ಮಲವಿಸರ್ಜನೆಯಾಗಲಿಲ್ಲ. ಅದೂ ಔಷಧಿಯ ಗುಣವೇ. ಆರನೆಯ ದಿನ ಹೊಲಿಗೆಯ ಕೆಳತುದಿಯಲ್ಲಿ ನೀರು ತುಂಬಿದ ಚೀಲದಂತೆ ಊದಿಕೊಂಡಿತು. ನಾವು ಕಂಗಾಲಾದೆವು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ದ್ರವ ಹೀಗೆ ಸೇರುವುದುಂಟು, ಕೀವು, ದುರ್ವಾಸನೆ, ಜ್ವರ ಇಲ್ಲದಿದ್ದರೆ ತಾನಾಗಿ ಇಳಿಯುತ್ತದೆ ಎಂದು ವೈದ್ಯರು ಹೇಳಿದಂತೆಯೇ ಆಯಿತು. ಆ ವಾರದಲ್ಲಿ ಒಮ್ಮೆಯಲ್ಲ, ಅನೇಕ ಸಲ, ಅಜ್ಜಿಯ ಮಾತೇ ನಿಜವೇನೋ ಎಂದು ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡದ್ದುಂಟು.

ಅಜ್ಜಿಯ ಅಡ್ಡಣಿಗೆ

ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆಯನ್ನು ತುಸು ವಿವರವಾಗಿ ಹೇಳುತ್ತೇವೆ, ಯಾರಿಗಾದರೂ ಉಪಯೋಗವಾದೀತು.

ಮೊದಲನೆಯದು ನೆಲ. ನಾಯಿಯ ಭಾರದ ನೂರರಲ್ಲಿ ಅರುವತ್ತರಷ್ಟು ಮುಂಗಾಲುಗಳ ಮೇಲಿರುತ್ತದೆ. ಒಂದು ಮುಂಗಾಲು ಹೋದರೆ ಉಳಿದುದರ ಮೇಲೆ ಎಷ್ಟು ಹೊರೆ ಬೀಳುವುದೆಂದು ಊಹಿಸಬಹುದು. ನುಣುಪು ನೆಲ ಅಂಥ ನಾಯಿಯ ಶತ್ರು. ಅವಳು ಬಿದ್ದ ದಿನವೇ ರಬ್ಬರು ಚಾಪೆಗಳನ್ನು ತಂದು, ಮಲಗುವ ಜಾಗದಿಂದ ನೀರಿನ ಪಾತ್ರೆಯವರೆಗೆ, ಅಲ್ಲಿಂದ ಬಾಗಿಲಿನವರೆಗೆ ದಾರಿ ಹಾಸಿದೆವು.

ಎರಡನೆಯದು ಊಟ. ತಟ್ಟೆ ನೆಲದ ಮೇಲಿದ್ದರೆ ಬಾಗುವಾಗ ಇದ್ದೊಂದು ಕಾಲು ತಡೆಯದೆ ಮುಗ್ಗರಿಸುತ್ತಿದ್ದಳು. ಎರಡು ದಿನ ಇದನ್ನು ಸುಮ್ಮನೆ ನೋಡಿದ ಅಜ್ಜಿ, ಅಟ್ಟದ ಮೇಲಿನ ಟ್ರಂಕು ತೆಗೆಯಿಸಿ, ತವರಿನಿಂದ ಬಂದ ಹಳೆಯ ಅಡ್ಡಣಿಗೆಯನ್ನು ಹೊರಗೆ ತಂದರು. ಹಿಂದೆ ಮನೆಯ ಹಿರಿಯರು ಊಟದ ಗಂಗಾಳ ಇಡುತ್ತಿದ್ದ ಮುಕ್ಕಾಲಿ ಅದು. ಕಾಳಿಯ ತಟ್ಟೆಯನ್ನು ಅದರ ಮೇಲಿಟ್ಟು, "ಮೂರು ಕಾಲಿನ ಮ್ಯಾಲ ಇದು ಎಂಬತ್ತು ವರ್ಷ ನಿಂತೈತಿ. ನೀನೂ ನಿಲ್ಲವಾ," ಎಂದರು. ಅಂದಿನಿಂದ ಅವಳಿಗೆ ಉಣಿಸುವ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ.

ಆದರೆ ಅಜ್ಜಿಯ ಪ್ರೀತಿಯಲ್ಲಿ ತುಪ್ಪದ ಪಾಲು ಹೆಚ್ಚು. ಮೂರು ಕಾಲಿನ ನಾಯಿ ತೆಳ್ಳಗಿರಬೇಕು. ಪ್ರತಿ ಕಿಲೋ ಉಳಿದ ಕೀಲುಗಳಿಗೆ ಶಿಕ್ಷೆ. ಮೂವತ್ತಕ್ಕೆ ಇಳಿಸಿರಿ ಎಂದು ವೈದ್ಯರು ಅಪ್ಪಣೆ ಮಾಡಿದ್ದರು. ತುಪ್ಪದ ಚಪಾತಿ ನಿಲ್ಲಿಸಲು ನಡೆದ ಸಂಧಾನಗಳನ್ನು ಬರೆದರೆ ಬೇರೊಂದು ಲೇಖನವಾದೀತು.

ಮೂರನೆಯದು ಔಷಧಿ. ಮೆಲೊಕ್ಸಿಕಾಮ್, ಗ್ಯಾಬಪೆಂಟಿನ್ ಮಾತ್ರೆಗಳನ್ನು ಗಡಿಯಾರ ನೋಡಿ ಕೊಡಬೇಕು. ನಾಯಿ ಅಳುವವರೆಗೆ ಕಾಯಬಾರದು. ನಾಯಿಗಳು ನೋವನ್ನು ಅಡಗಿಸುತ್ತವೆ. ನಮಗೆಂದು ತಂದ ಮಾತ್ರೆಗಳನ್ನು, ಮುಖ್ಯವಾಗಿ ಐಬುಪ್ರೊಫೆನ್ ಅನ್ನು, ಎಂದಿಗೂ ಕೊಡಕೂಡದು. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಹೊಲಿಗೆ ನೆಕ್ಕದಂತೆ ಕೊರಳಿಗೆ ಲಾಳಿಕೆಯಂಥ ಪಟ್ಟಿ ಹಾಕಿದ್ದೆವು. ಅದರೊಡನೆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತ ತಿರುಗಿದ ಅವಳ ಗಾಂಭೀರ್ಯ ನೋಡಿ, ಆ ಮನೆಯಲ್ಲಿ ಬಹುದಿನದ ಮೇಲೆ ನಗು ಕೇಳಿಸಿತು.

ಹದಿಮೂರನೆಯ ದಿನ ಹೊಲಿಗೆ ಬಿಚ್ಚಿದರು. ಮೆಟ್ಟಿಲಿನ ವಿಷಯದಲ್ಲಿ ನಮ್ಮ ಊಹೆ ತಲೆಕೆಳಗಾಯಿತು: ಹತ್ತುವುದನ್ನು ಬೇಗ ಕಲಿತಳು, ಇಳಿಯುವುದೇ ಕಷ್ಟ. ಇಳಿಯುವಾಗ ಮೈಭಾರವೆಲ್ಲ ಒಂಟಿ ಮುಂಗಾಲಿನ ಮೇಲೆ ಬೀಳುತ್ತದೆ. ಎದೆಗೆ ಕಟ್ಟುವ, ಬೆನ್ನ ಮೇಲೆ ಹಿಡಿಯಿರುವ ಪಟ್ಟಿಯೊಂದನ್ನು ಗಾಯ ಪೂರ್ತಿ ಮಾಗಿದ ಮೇಲೆ ತೊಡಿಸಿ, ಹಿಡಿದೆತ್ತಿಕೊಂಡೇ ಇಳಿಸುತ್ತಿದ್ದೆವು. ಯುಗಾದಿಯ ಬೆಳಗ್ಗೆ ಐವತ್ತನಾಲ್ಕು ಮೆಟ್ಟಿಲನ್ನೂ ತಾನೇ ಹತ್ತಿ ಬಂದು, ಬೇವು–ಬೆಲ್ಲದ ಬಟ್ಟಲಿನ ಮುಂದೆ ಕುಳಿತಳು.

ಹನ್ನೊಂದು ತಿಂಗಳು

ನಡುವೆ ಕೀಮೋಥೆರಪಿಯೂ ನಡೆಯಿತು. ಕಾರ್ಬೊಪ್ಲಾಟಿನ್ ಎಂಬ ಔಷಧಿಯನ್ನು ಮೂರು ವಾರಕ್ಕೊಮ್ಮೆ, ನಾಲ್ಕು ಸಲ, ರಕ್ತನಾಳಕ್ಕೆ ಹನಿಹನಿಯಾಗಿ ಕೊಟ್ಟರು. ಮನುಷ್ಯರಿಗಾಗುವಷ್ಟು ಬಳಲಿಕೆ ನಾಯಿಗಳಿಗೆ ಸಾಮಾನ್ಯವಾಗಿ ಆಗುವುದಿಲ್ಲ. ನಮ್ಮವಳು ಒಂದೆರಡು ದಿನ ಊಟ ಬಿಟ್ಟದ್ದು ಬಿಟ್ಟರೆ ಹೆಚ್ಚೇನಿಲ್ಲ. ಪ್ರತಿ ಸಲ ರಕ್ತಪರೀಕ್ಷೆ ಆಗಬೇಕು. ಔಷಧಿಯಾದ ಕೆಲವು ದಿನ ಅವಳ ಮಲಮೂತ್ರವನ್ನು ಕೈಗವಸು ಹಾಕಿಯೇ ತೆಗೆಯಬೇಕು.

ಆ ವರ್ಷದ ಮಳೆಗಾಲವನ್ನು ಕಾಳಿ ಕಿಟಕಿಯಲ್ಲಿ ಕುಳಿತು ನೋಡಿದಳು. ಕೆಳಗೆ ಬೆಕ್ಕನ್ನು ಅಟ್ಟಿದಳು. ಹಿಡಿಯಲಿಲ್ಲ, ಮೊದಲೂ ಹಿಡಿದವಳಲ್ಲ. ದಾರಿಯಲ್ಲಿ "ಬಿಚಾರಿ" ಎಂದು ಮರುಗಿದವರ ಕಡೆಗೆಲ್ಲ ಬಾಲ ಅಲ್ಲಾಡಿಸಿದಳು. ೨೦೨೩ರ ಡಿಸೆಂಬರಿನಲ್ಲಿ ಒಣಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ ಚುಕ್ಕೆಗಳಿದ್ದವು. ಈ ಸಲ ನಾವು ಮೂರು ರಾತ್ರಿ ಯೋಚಿಸಲಿಲ್ಲ. ಉಸಿರಿಗೆ ಕಷ್ಟವಾದ ದಿನ ವೈದ್ಯರನ್ನು ಮನೆಗೇ ಕರೆಸಿದೆವು. ಹೊಸ್ತಿಲ ಬಳಿಯ ತನ್ನ ಜಾಗದಲ್ಲಿಯೇ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ನಾಲ್ಕು ದಿನದ ಮೇಲೆ ನಾವೇ ಅಜ್ಜಿಯನ್ನು ಕೇಳಿದೆವು: "ನಾವು ಮಾಡಿದ್ದು ಸರಿಯಾಯಿತೇ?" ಅವರು ತುಸು ಹೊತ್ತು ಸುಮ್ಮನಿದ್ದು, "ಮೊದಲಿನ ಮೂರು ವಾರ ನೀವು ಮಾಡಿದ್ದು ತಪ್ಪಂತ ಅನಿಸಿತ್ತು ತಮ್ಮಾ. ಆಮ್ಯಾಲೆ ಹಂಗ ಅನಿಸಲಿಲ್ಲ," ಎಂದರು. ನಮ್ಮ ಲೆಕ್ಕವೂ ಅದೇ. ಹನ್ನೊಂದು ತಿಂಗಳಲ್ಲಿ ಮೂರು ವಾರ ಕಷ್ಟದವು, ಕೊನೆಯ ಹತ್ತು ದಿನ ದುಃಖದವು, ಉಳಿದುದೆಲ್ಲ ಅವಳದು. ಬೇರೊಂದು ನಾಯಿಗೆ, ಬೇರೊಂದು ಮನೆಗೆ, ಉತ್ತರ ಬೇರೆಯಾಗಬಹುದು. ಕೀಲುಗಳು ಸವೆದಿದ್ದರೆ, ರೋಗ ಆಗಲೇ ಎದೆಗೆ ಹಬ್ಬಿದ್ದರೆ, ಕಾಲು ತೆಗೆಯಿಸದಿದ್ದವರು ಪ್ರೀತಿಯಲ್ಲಿ ನಮಗಿಂತ ಕಡಿಮೆಯವರಲ್ಲ.

ವಾಚಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಹಿರಿಯ ನಾಯಿ ಎರಡು ವಾರಕ್ಕಿಂತ ಹೆಚ್ಚು ಕುಂಟಿದರೆ ಎಣ್ಣೆ ತಿಕ್ಕುತ್ತ ಕೂಡಬೇಡಿರಿ, ಎಕ್ಸ್‌ರೇ ತೆಗೆಸಿರಿ. ನಮ್ಮ ಬಳಿ ಒಂಬತ್ತು ರಬ್ಬರು ಚಾಪೆ, ಹಿಡಿಯಿರುವ ಎದೆಪಟ್ಟಿ, ದೊಡ್ಡ ನಾಯಿಗೆ ಹೊಂದುವ ಕೊರಳಪಟ್ಟಿ ತೊಳೆದಿಟ್ಟಿವೆ. ಬೇಕಾದವರು ಸಂಘದ ಕಚೇರಿಯಲ್ಲಿ ತಿಳಿಸಿದರೆ ತಲುಪಿಸುತ್ತೇವೆ. ಅಡ್ಡಣಿಗೆಯನ್ನು ಮಾತ್ರ ಅಜ್ಜಿ ಕೊಡುವುದಿಲ್ಲವಂತೆ.