ಸಿಮೆಂಟು ಕಾರ್ಖಾನೆಯ ನೆರೆಯಲ್ಲಿ: ಕಟ್ಟೆಯ ಮಾತು ಎಷ್ಟು ನಿಜ?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಸೀಮೆಯ ನೆಲ ಎರಡು ಫಸಲು ಕೊಡುತ್ತದೆ. ಮೇಲಿನ ಕರಿಮಣ್ಣು ತೊಗರಿ ಕೊಟ್ಟರೆ ಕೆಳಗಿನ ಸುಣ್ಣಕಲ್ಲು ಸಿಮೆಂಟು ಕೊಡುತ್ತದೆ. ಶಹಾಬಾದಿನಲ್ಲಿ 1920ರ ದಶಕದಲ್ಲಿ ಬೇರೂರಿದ ಸಿಮೆಂಟು ಉದ್ಯಮ 1960ರ ದಶಕದಲ್ಲಿ ವಾಡಿಗೆ ಬಂತು. 1980ರ ದಶಕದಲ್ಲಿ ಮಳಖೇಡದ ಪಕ್ಕದ ಆದಿತ್ಯನಗರಕ್ಕೂ ಸೇಡಂ ಪಟ್ಟಣಕ್ಕೂ ಹಬ್ಬಿತು. ಆಮೇಲೆ ಚಿತ್ತಾಪುರ, ಚಿಂಚೋಳಿ ಕಡೆಯೂ ಚಿಮಣಿಗಳು ಎದ್ದವು.

ಇಂಥ ಊರುಗಳಲ್ಲಿ ಸಂಜೆ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಮೂರು ಮಾತು ಕೇಳಿಬರುತ್ತವೆ. ‘ಸಿಮೆಂಟಿಗೆ ಬೂದಿ ಬೆರಸ್ತಾರ.’ ‘ರಾತ್ರಿ ಹೊತ್ತು ಧೂಳು ಬಿಡ್ತಾರ.’ ‘ಮಷಿನ್ ಬಂದು ನಮ್ಮ ಕೈಗೆ ಕೆಲಸ ಇಲ್ಲದಂಗಾತು.’ ಮೂರರಲ್ಲೂ ಒಂದಿಷ್ಟು ನಿಜವಿದೆ, ಒಂದಿಷ್ಟು ತಪ್ಪು ತಿಳುವಳಿಕೆ ಇದೆ. ಯಾವುದು ಎಷ್ಟೆಂದು ಅರಿತವನ ದೂರಿಗೆ ಕಚೇರಿಯಲ್ಲಿ ತೂಕ ಬರುತ್ತದೆ.

ಬೂದಿ ಬೆರೆಸುವುದು ಮೋಸವೇ?

ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ನುಣ್ಣನೆಯ ಹಾರುಬೂದಿ ಉಳಿಯುತ್ತದೆ. ‘ಪಿ.ಪಿ.ಸಿ.’ ಎಂದು ಅಚ್ಚಾದ ಚೀಲದ ಸಿಮೆಂಟಿನಲ್ಲಿ ಶೇಕಡಾ 15ರಿಂದ 35ರವರೆಗೆ ಈ ಬೂದಿ ಇರಲು ಭಾರತೀಯ ಮಾನಕವೇ ಒಪ್ಪಿಗೆ ಕೊಟ್ಟಿದೆ. ಅದು ಕಲಬೆರಕೆ ಅಲ್ಲ. ಆದರೆ ಆ ಸಿಮೆಂಟು ನಿಧಾನವಾಗಿ ಗಟ್ಟಿಯಾಗುವುದರಿಂದ ಕನಿಷ್ಠ ಹತ್ತು ದಿನ ನೀರುಣಿಸಬೇಕು. ನಮ್ಮ ಬಿಸಿಲಿಗೆ ಹದಿನಾಲ್ಕು ದಿನವಾದರೆ ಒಳ್ಳೆಯದು. ಮೂರೇ ದಿನಕ್ಕೆ ನೀರು ನಿಲ್ಲಿಸಿ, ಗೋಡೆ ಬಿರುಕು ಬಿಟ್ಟಾಗ ಬೂದಿಯನ್ನು ಬೈದು ಪ್ರಯೋಜನವಿಲ್ಲ.

ಚೀಲ ಕೊಳ್ಳುವಾಗ ಐ.ಎಸ್.ಐ. ಗುರುತು, ತೂಕ, ಬೆಲೆ, ತಯಾರಾದ ವಾರ ಮತ್ತು ವರ್ಷ ಇಷ್ಟನ್ನು ಓದಿರಿ. ತಯಾರಾಗಿ ಮೂರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡಿಸದೆ ಬಳಸಬೇಡಿರಿ.

ಕಂಪನಿಗಳ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚಬೇಕಾದ ಜಾಗ ಬೇರೆ ಇದೆ. ಬೆಲೆ ಏರಿಸಲು ಒಳಗೊಳಗೇ ಕೂಡಿಕೊಂಡವೆಂದು ಭಾರತೀಯ ಸ್ಪರ್ಧಾ ಆಯೋಗವು 2012ರಲ್ಲಿ 11 ಸಿಮೆಂಟು ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಈ ಸೀಮೆಯಲ್ಲಿ ಕಾರ್ಖಾನೆ ಇರುವ ಎಸಿಸಿ, ಅಲ್ಟ್ರಾಟೆಕ್ ಕೂಡ ಆ ಪಟ್ಟಿಯಲ್ಲಿದ್ದವು. ವಿಚಾರಣೆಯ ಕ್ರಮ ಸರಿಯಿಲ್ಲವೆಂದು 2015ರಲ್ಲಿ ಆ ಆದೇಶ ರದ್ದಾಯಿತು. 2016ರಲ್ಲಿ ಆಯೋಗ ಮತ್ತೆ ದಂಡ ವಿಧಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ತನ್ನ ಹೊಲದ ಕೆಳಗಿನ ಕಲ್ಲಿನಿಂದಾದ ಸಿಮೆಂಟನ್ನು ಕೊಳ್ಳುವ ರೈತನಿಗೆ ಇದು ದೂರದ ಸುದ್ದಿಯಲ್ಲ.

ರಾತ್ರಿಯ ಧೂಳು

ಹಳೆಯ ಕಾಲದಲ್ಲಿ ಸುಣ್ಣಕಲ್ಲನ್ನು ನೀರಿನಲ್ಲಿ ಅರೆದು ರಾಡಿ ಮಾಡಿ ಸುಡುತ್ತಿದ್ದರು. ಈಗ ಒಣ ಪುಡಿಯನ್ನೇ ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಇದರಿಂದ ಕಲ್ಲಿದ್ದಲು ಉಳಿಯಿತು. ಧೂಳು ಹಿಡಿಯುವ ಯಂತ್ರವಿಲ್ಲದೆ ಮಾತ್ರ ನಡೆಯದಂತಾಯಿತು. ಆ ಯಂತ್ರಗಳಲ್ಲಿ ಎರಡು ಬಗೆ. ಒಂದು ಬಟ್ಟೆಯ ಚೀಲಗಳಲ್ಲಿ ಗಾಳಿಯನ್ನು ಸೋಸುತ್ತದೆ, ಇನ್ನೊಂದು ವಿದ್ಯುತ್ತಿನಿಂದ ಧೂಳನ್ನು ಸೆಳೆದು ಹಿಡಿಯುತ್ತದೆ. ಗೂಡಿನಲ್ಲಿ ಕಲ್ಲಿದ್ದಲು ಪೂರ್ತಿ ಉರಿಯದೆ ಇಂಗಾಲದ ಮೊನಾಕ್ಸೈಡ್ ಅನಿಲ ಹೆಚ್ಚಾದರೆ, ಕಿಡಿ ತಗುಲಿ ಸ್ಫೋಟವಾಗದಿರಲೆಂದು ಈ ಎರಡನೆಯ ಯಂತ್ರ ತಾನೇ ನಿಲ್ಲುತ್ತದೆ. ಆ ಕೆಲವು ನಿಮಿಷ ಧೂಳು ನೇರವಾಗಿ ಹೊರಬರುತ್ತದೆ.

ರಾತ್ರಿ ಇನ್ನೊಂದು ಕಾರಣವೂ ಇದೆ. ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳುವುದಿಲ್ಲ. ಧೂಳು ಊರಿನ ಸುತ್ತಲೇ ಕೂರುತ್ತದೆ. ಹೂವಾಡುವ ತೊಗರಿಯ ಎಲೆಯ ಮೇಲೆ ಮಂಜು ಬಿದ್ದಾಗ ಸಿಮೆಂಟಿನ ಧೂಳು ನೆನೆದು ಹೊರಪು ಕಟ್ಟುತ್ತದೆ. ಎಲೆಗೆ ಬಿಸಿಲೂ ಗಾಳಿಯೂ ಸರಿಯಾಗಿ ತಾಗುವುದಿಲ್ಲ.

ಗೂಡಿನ ಚಿಮಣಿಯಿಂದ ಹೊರಬರುವ ಗಾಳಿಯಲ್ಲಿ ಘನ ಮೀಟರಿಗೆ 30 ಮಿಲಿಗ್ರಾಂ ಧೂಳಿನ ಮಿತಿಯನ್ನು ನಿಯಮ ಇಟ್ಟಿದೆ. ಚಿಮಣಿಗೆ ಅಳೆಯುವ ಉಪಕರಣ ಕೂಡಿಸಿ ಲೆಕ್ಕವನ್ನು ಎಡೆಬಿಡದೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಆಜ್ಞೆ ಮಾಡಿತು. ಇದು ಒಳ್ಳೆಯ ತಂತ್ರಜ್ಞಾನ. ಆದರೆ ಈ ಉಪಕರಣ ಅಳೆಯುವುದು ಚಿಮಣಿಯ ಧೂಳನ್ನು ಮಾತ್ರ. ಗಣಿಯ ಸಿಡಿತ, ಕಲ್ಲು ಒಡೆಯುವ ಯಂತ್ರ, ತೆರೆದ ರಾಶಿ, ಲಾರಿ ಓಡುವ ಹಾದಿ ಇವುಗಳಿಂದ ಏಳುವ ಧೂಳು ಆ ಲೆಕ್ಕದಲ್ಲಿ ಬರುವುದಿಲ್ಲ. ಹೀಗಾಗಿ ಕಂಪನಿಯ ಲೆಕ್ಕ ಸರಿಯಿದ್ದೂ ರೈತನ ಹೊಲ ಬೆಳ್ಳಗಾಗಬಹುದು. ಹಳ್ಳಿಯವರು ಕೇಳಬೇಕಾದದ್ದು ಊರೊಳಗಿನ ಗಾಳಿಯ ಅಳತೆಯನ್ನು. 2009ರ ರಾಷ್ಟ್ರೀಯ ಮಾನಕದಂತೆ ಉಸಿರಿನೊಳಗೆ ಹೋಗುವ ಸಣ್ಣ ಧೂಳು, ಅಂದರೆ ಪಿ.ಎಂ.10, ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು.

ಯಂತ್ರ ಮತ್ತು ಕೂಲಿ

ವಾಡಿಯಲ್ಲಿ 2010ರ ಸುಮಾರಿಗೆ ನಿಂತ ಗೂಡು ದಿನಕ್ಕೆ 12,500 ಟನ್ ಸುಡುವ ಸಾಮರ್ಥ್ಯದ್ದು. ಇಂಥ ಗೂಡನ್ನು ನಡೆಸುವವರು ಗಾಜಿನ ಕೋಣೆಯಲ್ಲಿ ಪರದೆ ನೋಡುತ್ತ ಕೂರುವ ಕೆಲವೇ ಮಂದಿ. ಚೀಲ ತುಂಬುವ, ಲಾರಿಗೆ ಏರಿಸುವ ಕೆಲಸಕ್ಕೂ ಯಂತ್ರ ಬಂದಿದೆ. ಇದರಿಂದ ಕೂಲಿ ಕಡಿಮೆಯಾದದ್ದು ನಿಜ. ಐವತ್ತು ಕಿಲೋ ಚೀಲ ಹೊತ್ತು ದಿನವಿಡೀ ಧೂಳು ಉಸಿರಾಡುವ ಕಷ್ಟ ತಗ್ಗಿದ್ದೂ ನಿಜ. ಯಂತ್ರ ಬೇಡವೆನ್ನುವುದಕ್ಕಿಂತ, ಭೂಮಿ ಕೊಡುವಾಗ ಸಿಕ್ಕ ಕೆಲಸದ ಭರವಸೆ ಕಾಗದದ ಮೇಲಿದೆಯೇ, ಮಕ್ಕಳಿಗೆ ಆ ಯಂತ್ರ ನಡೆಸುವ ಐ.ಟಿ.ಐ. ತರಬೇತಿ ಸಿಗುತ್ತದೆಯೇ ಎಂದು ಕೇಳುವುದು ಹೆಚ್ಚು ಉಪಯೋಗದ್ದು.

ರೈತರು ಮಾಡಬಹುದಾದದ್ದು

ಹೊಸ ಕಾರ್ಖಾನೆ ಅಥವಾ ಗಣಿಯ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆದಾಗ ತಪ್ಪದೆ ಹೋಗಿರಿ. 2006ರ ಪರಿಸರ ಅಧಿಸೂಚನೆಯಂತೆ, ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ನಮ್ಮ ಭಾಷೆಯಲ್ಲೇ ಓದಿ ಹೇಳಬೇಕು. ನೀವು ಹೇಳಿದ್ದು ಅದರಲ್ಲಿ ಸೇರಿದೆಯೇ ಎಂದು ಗಮನಿಸಿರಿ. ಬಾಯಿಮಾತಿನ ಭರವಸೆಗಿಂತ ಅಲ್ಲಿ ದಾಖಲಾದ ಒಂದು ಸಾಲು ದೊಡ್ಡದು.

ಅನುಮತಿಯ ಷರತ್ತುಗಳನ್ನು ಹೇಗೆ ಪಾಲಿಸಿದೆವೆಂದು ಕಂಪನಿ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕೆಂದು ಅದೇ ಅಧಿಸೂಚನೆ ಹೇಳಿದೆ. ಆ ವರದಿ ಸಾರ್ವಜನಿಕ ದಾಖಲೆ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು.

ಹೊಲದಲ್ಲಿ ಧೂಳು ಬಿದ್ದ ದಿನ, ವೇಳೆ, ಗಾಳಿಯ ದಿಕ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಎಲೆಯ ಫೋಟೋ ತೆಗೆದಿಡಿರಿ. ನಾಲ್ಕಾರು ಹೊಲದವರು ಸೇರಿ, ಕೃಷಿ ಇಲಾಖೆಯವರಿಗೂ ತೋರಿಸಿ, ಕಲಬುರಗಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಬರಹದ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಮನೆಯೊಳಗಿನ ಎಚ್ಚರವೂ ಬೇಕು. ಖಾಲಿ ಸಿಮೆಂಟು ಚೀಲದಲ್ಲಿ ಜೋಳ, ತೊಗರಿ ತುಂಬುವ ರೂಢಿ ಬಿಡಿರಿ. ಸಿಮೆಂಟಿನಲ್ಲಿ ಸುಡುವ ಸುಣ್ಣದ ಜೊತೆ ಕ್ರೋಮಿಯಂ ಅಂಶವೂ ಇರುತ್ತದೆ. ಚೀಲ ಝಾಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿರಿ, ಮಕ್ಕಳನ್ನು ದೂರವಿಡಿರಿ. ಹಸಿ ಸಿಮೆಂಟನ್ನು ಬರಿಗೈಯಿಂದ ಕಲಸಬೇಡಿರಿ. ಅದು ಚರ್ಮ ಸುಡುವುದು ಕೂಡಲೇ ಗೊತ್ತಾಗುವುದಿಲ್ಲ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿರಿ.

ಭೋಪಾಲದಲ್ಲಿ 1984ರಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಒಳಗಿನ ಅಪಾಯವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದು ಮಾಲೀಕರ ಕರ್ತವ್ಯವೆಂದು ಅದು ಸಾರಿತು. ಕೇಳಿ ತಿಳಿದುಕೊಳ್ಳುವ ಕೆಲಸ ಹಳ್ಳಿಯವರದು. ಈ ಡಿಸೆಂಬರಿನ ವರದಿಯ ಪ್ರತಿಯನ್ನು ತರಿಸಿ ಪಂಚಾಯಿತಿಯ ವಾಚನಾಲಯದಲ್ಲಿ ಇಡಿಸಿದರೆ ಕಟ್ಟೆಯ ಮಾತಿಗೊಂದು ಆಧಾರ ಸಿಕ್ಕಂತಾಗುತ್ತದೆ.