ಮಳೆಯಲ್ಲಿ ಕಿರುಚುವ ಬ್ರೇಕಿನೊಳಗೊಂದು ಪಿಟೀಲು!

ಹಸ್ತ ಮಳೆ ಹುಯ್ದ ಮಾರನೆಯ ಬೆಳಗ್ಗೆ ಮಧುಗಿರಿ ಬೆಟ್ಟದ ಬುಡದ ಮಣ್ಣುದಾರಿಗೆ ಮೌಂಟನ್ ಬೈಕ್ ಇಳಿಸಿ ನೋಡಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಿರೋ, ಕೀಂಯ್ ಎಂಬ ಕಿರುಚಾಟ! ಕಡಲೆಕಾಯಿ ಹೊಲದಲ್ಲಿದ್ದವರು ಬೆನ್ನೆತ್ತಿ ನೋಡುತ್ತಾರೆ, ಬೇಲಿಯ ಗೌಜಲಕ್ಕಿಗಳು ಪುರ್ರನೆ ಎದ್ದು ಹೋಗುತ್ತವೆ. ಅಂಗೈಯಷ್ಟು ಅಗಲದ ಒಂದು ಉಕ್ಕಿನ ತಟ್ಟೆಯಿಂದ ಇಷ್ಟೊಂದು ಸದ್ದು ಹೊರಡುವುದಾದರೂ ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಸಿಗುವುದು ಬೆರಗಿನ ಮೇಲೆ ಬೆರಗು.

ಮೊದಲ ಬೆರಗು ಸದ್ದಿನದೇ. ಚಕ್ರದ ನಡುವೆ ತಿರುಗುವ ಆ ತಟ್ಟೆಯೇ ರೋಟರ್, ಅಂದರೆ ಡಿಸ್ಕ್. ಅದರ ದಪ್ಪ, ಹೊಸದಾಗಿದ್ದಾಗ, ಸುಮಾರು 1.8 ಮಿಲಿಮೀಟರ್. ಬ್ರೇಕ್ ಹಿಡಿದಾಗ ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಅದುಮುತ್ತವೆ. ತೇವವಿದ್ದಾಗ ಪ್ಯಾಡ್ ಒಂದೇ ಸಮನೆ ಉಜ್ಜುವುದಿಲ್ಲ. ನೀರಿನ ತೆಳುಪದರ ಅದನ್ನು ಒಂದು ಕ್ಷಣ ಜಾರಿಸುತ್ತದೆ, ನೀರು ಒರೆಸಿಹೋದಲ್ಲಿ ಅದು ಕಚ್ಚುತ್ತದೆ, ಮತ್ತೆ ಜಾರುತ್ತದೆ. ಕಚ್ಚು, ಜಾರು, ಕಚ್ಚು, ಜಾರು! ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಲ! ಆ ನಡುಕ ರೋಟರ್‌ನಿಂದ ಕಡ್ಡಿಗಳಿಗೆ, ಫೋರ್ಕಿಗೆ, ಫ್ರೇಮಿಗೆ ಹರಿದು ಇಡೀ ಸೈಕಲ್ಲೇ ದನಿಯೆತ್ತುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಕಮಾನಿನ ಕೆಳಗೆ ನಾದವಾದ ಭೌತಶಾಸ್ತ್ರವೇ ನಿಮ್ಮ ಬ್ರೇಕಿನಲ್ಲಿ ಕಿರುಚಾಟವಾಗಿದೆ!

ಇದು ಇಂದಿನ ಕಾಟವೂ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ತಾಮ್ರದ ಪ್ಯಾಡ್ ಲೋಹದ ಡಿಸ್ಕಿಗೆ ಉಜ್ಜಿ ಕಿವಿ ಗಡಚಿಕ್ಕುವ ಸದ್ದು ಹೊರಟಿತು. 1907ರ ಹೊತ್ತಿಗೆ ಹರ್ಬರ್ಟ್ ಫ್ರೂಡ್ ಪ್ಯಾಡಿಗೆ ಕಲ್ನಾರು ಹಚ್ಚಿ ಅದರ ಬಾಯಿ ಮುಚ್ಚಿಸಿದರು. ಡಿಸ್ಕ್ ಬ್ರೇಕಿಗೂ ಅದರ ಕಿರುಚಾಟಕ್ಕೂ ಒಂದೇ ವಯಸ್ಸು!

ಎರಡನೆಯ ಬೆರಗು ನಮ್ಮ ನೆಲದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಮಳೆ ಕಡಿಮೆಯ ಬಯಲುಸೀಮೆ. ಒಣ ಊರಿನಲ್ಲಿ ಒದ್ದೆ ಬ್ರೇಕಿನ ಗೋಳು ಎಲ್ಲಿಂದ ಬಂತು? ಉತ್ತರ ಬೆಟ್ಟದಲ್ಲೇ ಇದೆ. ರಾಮನಗರದಿಂದ ಮಧುಗಿರಿ, ಪಾವಗಡಗಳತ್ತ ಉತ್ತರಕ್ಕೆ ಹಾಯುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಬಂಡೆ ಸವೆದು ಉದುರಿದ ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಗಟ್ಟಿತನದ ಮೋಸ್ ಮಾಪಕದಲ್ಲಿ ಬೆಣಚಿಗೆ 7. ಅದು ರೋಟರ್‌ನ ಉಕ್ಕನ್ನೂ ಗೀರಬಲ್ಲದು! ತಿಂಗಳುಗಟ್ಟಲೆ ಒಣ ದೂಳು, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಸಂದಿಯಲ್ಲಿ ಕೂತಿರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆ ಬಿದ್ದೊಡನೆ ಅದೆಲ್ಲ ನೆನೆದು ಅರೆಯುವ ಕೆಸರಾಗುತ್ತದೆ. ನಿಮ್ಮ ಪ್ಯಾಡನ್ನು ಸವೆಸುತ್ತಿರುವುದು ಸಾಕ್ಷಾತ್ ಬೆಟ್ಟ!

ಮೂರನೆಯ ಬೆರಗೇ ಎಲ್ಲಕ್ಕಿಂತ ಉಪಯೋಗದ್ದು: ಸದ್ದು ಕೇಳಿಯೇ ರೋಗ ಹೇಳಬಹುದು. ನೆನೆದಾಗ ಮಾತ್ರ ಕಿರುಚಿ, ನಾಲ್ಕಾರು ಸಲ ಬ್ರೇಕ್ ಹಿಡಿದ ಮೇಲೆ ಸುಮ್ಮನಾದರೆ ಅದು ಬರೀ ನೀರು, ಚಿಂತೆ ಬೇಡ. ಒಣಗಿದ ಮೇಲೂ ಕಿರುಚುತ್ತಿದ್ದು ಬ್ರೇಕೂ ಸರಿಯಾಗಿ ಹಿಡಿಯದಿದ್ದರೆ ಪ್ಯಾಡಿಗೆ ಎಣ್ಣೆ ತಾಗಿರುವ ಸಂಭವವೇ ಹೆಚ್ಚು. ಬ್ರೇಕ್ ಮುಟ್ಟದಿದ್ದರೂ ಚಕ್ರದ ಸುತ್ತಿಗೊಮ್ಮೆ ಸರ್ ಸರ್ ಎಂದರೆ ರೋಟರ್ ಸೊಟ್ಟಗಾಗಿದೆ. ಎಡೆಬಿಡದೆ ಉಜ್ಜುತ್ತಿದ್ದರೆ ಕ್ಯಾಲಿಪರ್ ಓರೆಯಾಗಿದೆ. ಗರಗರ ಎಂದು ಲೋಹ ಅರೆಯುವ ಸದ್ದಾದರೆ ಅಲ್ಲೇ ಇಳಿಯಿರಿ. ಒಳಗೆ ಹರಳು ಸಿಕ್ಕಿರಬೇಕು, ಇಲ್ಲವೇ ಪ್ಯಾಡ್ ಪೂರ್ತಿ ಸವೆದು ಹಿಂಬದಿಯ ತಗಡೇ ರೋಟರ್‌ಗೆ ತಾಗುತ್ತಿರಬೇಕು.

ಮದ್ದು ಎಷ್ಟು ಸರಳ ನೋಡಿ! ಬೇಕಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ಒರೆಸಲು ಇಟ್ಟುಕೊಳ್ಳುತ್ತಾರಲ್ಲ, ಅದೇ. ಇಳಿಜಾರು ಇಳಿದ ಕೂಡಲೇ ರೋಟರ್ ಮುಟ್ಟಬೇಡಿ, ಕೈ ಸುಡುವಷ್ಟು ಕಾದಿರುತ್ತದೆ. ತಣಿದ ಮೇಲೆ ಕೆಸರನ್ನು ನೀರಿನಲ್ಲಿ ತೊಳೆದು, ಚಕ್ರ ಬಿಚ್ಚಿ ಪ್ಯಾಡ್ ಹೊರತೆಗೆಯಿರಿ. ಹೊಸ ಬಟ್ಟೆತುಂಡಿಗೆ ಆಲ್ಕೋಹಾಲ್ ಹಾಕಿ ರೋಟರ್‌ನ ಎರಡೂ ಮುಖ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸುತ್ತಿರಿ. ಪ್ಯಾಡಿನ ಮೈ ಹೊಳೆಯುತ್ತಿದ್ದರೆ 120 ನಂಬರಿನ ಉಪ್ಪುಕಾಗದವನ್ನು ಸಮತಟ್ಟಾದ ಕಲ್ಲಿನ ಮೇಲೆ ಹರಡಿ, ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಎಣ್ಣೆ ಒಳಗಿಳಿದಿದ್ದರೆ ಉಳಿಸಲು ಹೆಣಗಬೇಡಿ, ಹೊಸ ಪ್ಯಾಡ್ ಹಾಕಿ. ಪ್ಯಾಡಿನ ಪದರ ಅರ್ಧ ಮಿಲಿಮೀಟರಿಗೆ ಇಳಿದಿದ್ದರೂ ಅಷ್ಟೇ.

ಮತ್ತೆ ಜೋಡಿಸಿ, 5 ಮಿಲಿಮೀಟರ್ ಅಲೆನ್ ಕೀಯಿಂದ ಕ್ಯಾಲಿಪರ್‌ನ ಎರಡೂ ಬೋಲ್ಟ್ ಸಡಿಲಿಸಿ. ಬ್ರೇಕನ್ನು ಬಿಗಿಯಾಗಿ ಅದುಮಿ ಹಿಡಿದು, ಎರಡನ್ನೂ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಹೈಡ್ರಾಲಿಕ್ ಬ್ರೇಕಾದರೆ ಕ್ಯಾಲಿಪರ್ ರೋಟರ್‌ನ ನೇರಕ್ಕೆ ತಾನೇ ಬಂದು ಕೂರುವುದನ್ನು ಕಣ್ಣಾರೆ ನೋಡಬಹುದು!

ಕೊನೆಯ ಕೆಲಸವನ್ನು ಹಲವರು ಬಿಟ್ಟೇಬಿಡುತ್ತಾರೆ: ಪಳಗಿಸುವುದು. ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗಕ್ಕೆ ಬಂದು, ಚಕ್ರ ಕಚ್ಚಿಕೊಳ್ಳದಂತೆ, ನಡಿಗೆಯ ವೇಗಕ್ಕೆ ಇಳಿಸಿ. ಮುಂದಿನ ಬ್ರೇಕಿಗೆ ಇಪ್ಪತ್ತು ಸಲ, ಹಿಂದಿನದಕ್ಕೆ ಇಪ್ಪತ್ತು ಸಲ. ಪ್ಯಾಡಿನ ವಸ್ತು ರೋಟರ್ ಮೇಲೆ ತೆಳುವಾಗಿ, ಸಮನಾಗಿ ಹರಡುತ್ತದೆ. ಬ್ರೇಕ್ ಮೌನವಾಗಿ ಗಟ್ಟಿಯಾಗಿ ಹಿಡಿಯುವುದು ಕಣ್ಣಿಗೆ ಕಾಣದ ಆ ಲೇಪದಿಂದಲೇ!

ಪ್ಯಾಡ್ ಕೊಳ್ಳುವಾಗ ನೆನಪಿಡಿ: ರೆಸಿನ್ ಪ್ಯಾಡ್ ಸದ್ದು ಕಡಿಮೆ, ನಮ್ಮ ಹರಳುಗೆಸರಿನಲ್ಲಿ ಬೇಗ ಸವೆಯುತ್ತದೆ. ಲೋಹದ ಸಿಂಟರ್ಡ್ ಪ್ಯಾಡ್ ಬಾಳಿಕೆ ಹೆಚ್ಚು, ಸದ್ದೂ ಹೆಚ್ಚು. ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೊರೆದಿದ್ದರೆ ಲೋಹದ್ದನ್ನು ಹಾಕಲೇಬೇಡಿ.

ಸೈಕಲ್ ಗೆಳೆಯರೇ, ಸದ್ದು ನಿಲ್ಲಲೆಂದು ಡಿಸ್ಕಿಗೆ ಎಣ್ಣೆ, ಗ್ರೀಸು, ಡೀಸೆಲ್ ಮಾತ್ರ ಹಚ್ಚಬೇಡಿ. ಸದ್ದಿನ ಜೊತೆ ಬ್ರೇಕೂ ಹೋಗುತ್ತದೆ. ಚೈನಿಗೆ ಎಣ್ಣೆ ಬಿಡುವಾಗಲೂ ರೋಟರ್‌ಗೆ ಬಟ್ಟೆ ಮುಚ್ಚಿ. ಉತ್ತರೆ ಮಳೆ ಹುಟ್ಟುವ ಮೊದಲು ಒಂದು ಗಂಟೆ ಬಿಡುವು ಮಾಡಿಕೊಂಡು ಪ್ಯಾಡ್ ಬಿಚ್ಚಿ ನೋಡಿ, ನಿಮ್ಮೂರಿನ ಮಕ್ಕಳಿಗೂ ಈ ಕೆಲಸ ಕಲಿಸಿ.